ಕೋಲಾರ ಸೀಮೆಯ ನೀರೂ ಮಕ್ಕಳ ಹಲ್ಲು ಮೂಳೆಗಳೂ



ಅಂಗವಿಕಲ ಮಕ್ಕಳ ದಂತಚಿಕಿತ್ಸೆಯನ್ನೂ ಅಸ್ಥಿಚಿಕಿತ್ಸೆಯನ್ನೂ ಬೇರೆ ಸೀಮೆಯಲ್ಲಿ ಎರಡು ಉಪನ್ಯಾಸಗಳಾಗಿ ಹಂಚಬಹುದಾಗಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಾದರೋ ಹಲ್ಲಿನ ವ್ಯಾಧಿಯೂ ಮೂಳೆಯ ವ್ಯಾಧಿಯೂ ಅನೇಕ ವೇಳೆ ಒಂದೇ ಕೊಡದ ನೀರಿನಿಂದ ಹುಟ್ಟಿದವಾದ್ದರಿಂದ, ಅವನ್ನು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ.

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ನಾಡಿನಲ್ಲಿ ಪೂರ್ವಿಕರು ಕೆರೆ ಕಟ್ಟಿ, ಕೆರೆಯ ಕೆಳಗೆ ಬಾವಿ ತೋಡಿ ಬಾಳಿದರು. ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದ ಮೇಲೆ, ಬಂಡೆಯ ಸಂದಿನಲ್ಲಿ ಬಹುಕಾಲ ನಿಂತು ಅದರ ಫ್ಲೋರೈಡನ್ನು ಕರಗಿಸಿಕೊಂಡ ನೀರು ಮನೆಮನೆಗೆ ಬಂದಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯತಕ್ಕುದಲ್ಲ. ನಮಗೆ ಬಹುದೂರವಲ್ಲದ ನೆಲ್ಲೂರು ಸೀಮೆಯಲ್ಲಿ ಫ್ಲೋರೈಡಿನಿಂದ ಹುಟ್ಟುವ ಈ ವ್ಯಾಧಿಯನ್ನು, ಎಂದರೆ ಫ್ಲೋರೋಸಿಸನ್ನು, ವೈದ್ಯರು 1937ರಲ್ಲಿಯೇ ಗುರುತಿಸಿ ಬರೆದಿದ್ದರು. ಆ ಬರಹದ ಎಚ್ಚರಿಕೆ ನಮ್ಮ ಬಾವಿಕಟ್ಟೆಗಳನ್ನು ಮುಟ್ಟಲು ಬಹಳ ಕಾಲ ಹಿಡಿಯಿತು.

ಮೊದಲು ನುಡಿಯುವುದು ಹಲ್ಲು. ಶಾಶ್ವತ ಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟನೆಯ ವರ್ಷದವರೆಗೆ, ವಸಡಿನ ಒಳಗೇ. ಆದುದರಿಂದ ಹಲ್ಲು ಹೊರಬರುವಾಗಲೇ ಸೀಮೆಸುಣ್ಣದಂಥ ಬಿಳುಪನ್ನೋ, ಅಡ್ಡಡ್ಡಲಾಗಿ ಎಳೆದ ಕಂದು ಪಟ್ಟಿಯನ್ನೋ ಹೊತ್ತು ಬರುತ್ತದೆ, ಎಡಗಡೆಯ ಹಲ್ಲಿಗೂ ಬಲಗಡೆಯ ಜೋಡಿಹಲ್ಲಿಗೂ ಒಂದೇ ಎತ್ತರದಲ್ಲಿ. ಇದನ್ನರಿಯದ ಹಿರಿಯರು ಕೊಳೆಯೆಂದು ಬಗೆದು ಇದ್ದಿಲು, ಉಪ್ಪು, ಇಟ್ಟಿಗೆಪುಡಿಗಳಿಂದ ಉಜ್ಜಿಸಿದರು. ಉಜ್ಜಿದಷ್ಟೂ ಎನಾಮಲ್ ಸವೆಯಿತೇ ಹೊರತು ಪಟ್ಟಿ ಹೋಗಲಿಲ್ಲ. "ಹಲ್ಲುಜ್ಜದ ಸೋಮಾರಿ" ಎಂಬ ಬೈಗುಳ ತಿಂದ ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿಯಿತು. ಅಂಥ ಮಗುವಿಗೆ ಚಿಕಿತ್ಸೆಯೂ ಹತ್ತಿರವಿರಲಿಲ್ಲ: ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ತೆರೆದದ್ದು 1958ರಲ್ಲಿ. ಅಲ್ಲಿಯವರೆಗೂ, ಅನಂತರವೂ ಎಷ್ಟೋ ಕಾಲ, ತಾಲ್ಲೂಕು ಕೇಂದ್ರಗಳ ದಂತಚಿಕಿತ್ಸೆ ಬಹುಮಟ್ಟಿಗೆ ಇಕ್ಕಳದ ಚಿಕಿತ್ಸೆಯೇ ಆಗಿತ್ತು.

ಮೂಳೆಯ ಕಥೆ ಇನ್ನೂ ದೀರ್ಘ. ಬೆಳೆಯುವ ವಯಸ್ಸಿನಲ್ಲಿ ಸುಣ್ಣಾಂಶದ ಕೊರತೆಯೂ ಫ್ಲೋರೈಡೂ ಕೂಡಿದಲ್ಲಿ ಕಾಲು ಬಾಗಿ, ನಡೆವಾಗ ಮಂಡಿಗೆ ಮಂಡಿ ತಾಗುತ್ತದೆ. ಇಲ್ಲಿನವರು ಅಂಥ ಮಗುವನ್ನು ಮೊದಲು ಕರೆದೊಯ್ಯುತ್ತಿದ್ದುದು ಗಡಿಯಾಚೆಯ ಚಿತ್ತೂರು ಸೀಮೆಯ ಪುತ್ತೂರಿಗೆ. ಮುರಿದ ಮೂಳೆಗೆ ಮೊಟ್ಟೆಯ ಬಿಳಿಯೂ ಸೊಪ್ಪಿನ ಲೇಪವೂ ಬಿದಿರಿನ ದಬ್ಬೆಯೂ ಸೇರಿದ ಪುತ್ತೂರು ಕಟ್ಟು ಒದಗೀತು, ಬಾಗಿದ ಮೂಳೆಗೆ ಒದಗದು. ಕೋಲಾರದಲ್ಲಿ ಶ್ರೀ ನರಸಿಂಹರಾಜ ಆಸ್ಪತ್ರೆಯೂ ಮೆಥಡಿಸ್ಟ್ ಮಿಷನ್ನಿನ ಆಸ್ಪತ್ರೆಯೂ ಇದ್ದವು; ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯೇ ಗತಿ. ಮಾಲೂರಿನವರಿಗೆ ಮದರಾಸಿನ ದೊಡ್ಡ ರೈಲಿತ್ತು, ಶ್ರೀನಿವಾಸಪುರದವರಿಗೆ ನಿಧಾನದ ಚಿಕ್ಕ ರೈಲು. ಮುಳಬಾಗಿಲಿನ ತಾಯಿ ಮಗುವನ್ನು ಸೊಂಟದ ಮೇಲೆ ಹೊತ್ತು ಮೋಟಾರು ಬಸ್ಸಿಗೆ ಕಾಯಬೇಕಾಗಿತ್ತು. ಹಾಗೆ ಹೋಗಿ ಮೂಳೆ ಕೊಯ್ದು ನೇರಮಾಡಿಸಿಕೊಂಡ ಕಾಲು, ಮರಳಿ ಅದೇ ಬಾವಿಯ ನೀರನ್ನು ಕುಡಿದು ಬೆಳೆದಲ್ಲಿ, ನೇರವಾಗಿಯೇ ಉಳಿದೀತೆಂಬ ಭರವಸೆಯಿರಲಿಲ್ಲ. (ನೂರು ಗ್ರಾಂಗೆ ಸುಮಾರು 340 ಮಿಲಿಗ್ರಾಂ ಸುಣ್ಣಾಂಶವುಳ್ಳ ರಾಗಿ ಈ ಸೀಮೆಯ ಮಕ್ಕಳನ್ನು ಸ್ವಲ್ಪಮಟ್ಟಿಗಾದರೂ ಕಾಪಾಡಿರಬೇಕೆಂದು ನನ್ನ ಊಹೆ.) ಪೋಲಿಯೋದಿಂದ ಕಾಲು ಸೊರಗಿದ ಮಕ್ಕಳೂ ಅದೇ ಸಾಲಿನಲ್ಲಿ ನಿಂತಿದ್ದರು, ಅವರ ಪಾಲಿಗೆ 1995ರ ಪಲ್ಸ್ ಪೋಲಿಯೋ ಲಸಿಕೆಯ ಅಭಿಯಾನ ಬಂದಿತು, 2011ರ ಅನಂತರ ಆ ರೋಗವೇ ದೇಶದಿಂದ ತೊಲಗಿತು. ನೀರಿಗೆ ಅಂಥ ಎರಡು ಹನಿಯ ಔಷಧವಿಲ್ಲ.

ನನ್ನ ಆಕ್ಷೇಪ ವೈದ್ಯರ ಮೇಲಲ್ಲ, ಆಡಳಿತದ ವಿಭಾಗಕ್ರಮದ ಮೇಲೆ. ಹಲ್ಲು ಒಬ್ಬರದು, ಮೂಳೆ ಇನ್ನೊಬ್ಬರದು, ಕೊಳವೆಬಾವಿ ಎಂಜಿನಿಯರರದು. 1995ರ ಅಂಗವಿಕಲರ ಕಾಯ್ದೆಯೂ ಶೇಕಡಾ 40ರ ಅಳತೆಯಿಂದ ಚಲನವೈಕಲ್ಯವನ್ನು ಎಣಿಸಿತು. ಹಲ್ಲಿಗೆ ಅದರ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಹಲ್ಲು, ಮೂಳೆ, ನೀರು ಈ ಮೂರನ್ನೂ ಕೂಡಿಸಿ ನೋಡುವ ಫ್ಲೋರೋಸಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 2008-09ರಲ್ಲಿ. ಅದಕ್ಕೆ ಮೊದಲೂ ಸಾಧ್ಯವಿದ್ದ ಪರೀಕ್ಷೆಯೊಂದು ಈಗಲೂ ಸಾಧ್ಯವೇ: ಪ್ರಾಥಮಿಕ ಶಾಲೆಯ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು ನೋಡಿ, ಒಂದೇ ಬೀದಿಯ ಐದಾರು ಮಕ್ಕಳಲ್ಲಿ ಅಡ್ಡಪಟ್ಟಿ ಕಂಡರೆ, ಅವರನ್ನು ಗದರಿಸದೆ ಆ ಬೀದಿಯ ನಲ್ಲಿಯಿಂದ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳುಹಿಸುವುದು.