ಗಣಕದೊಳಗಿನ ನೇತ್ರಾವತಿ



ಪ್ರಯೋಗ ಮತ್ತು ಸಿದ್ಧಾಂತವೆಂಬ ಎರಡು ದಾರಿಗಳಲ್ಲಿ ನಡೆದುಬಂದ ವಿಜ್ಞಾನಕ್ಕೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸಿಮ್ಯುಲೇಷನ್ ಎಂಬ ಮೂರನೆಯ ದಾರಿ ತೆರೆಯಿತು. ನಿಸರ್ಗದ ಒಂದು ವ್ಯವಸ್ಥೆಯನ್ನು ಸಮೀಕರಣಗಳಲ್ಲಿ ಹಿಡಿದು, ಗಣಕದಲ್ಲಿ ಹೆಜ್ಜೆಹೆಜ್ಜೆಯಾಗಿ ನಡೆಸಿ, ಅದು ಹೇಗೆ ವರ್ತಿಸೀತೆಂದು ನೋಡುವ ಈ ಕ್ರಮವನ್ನು ಗಣಕ ಅನುಕರಣೆ ಎನ್ನಬಹುದು. ವಿಜ್ಞಾನಿ ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ, ಕೈಯಿಂದಲೇ ಮಾಡಿದ ಹವಾಮಾನದ ಲೆಕ್ಕ ತಪ್ಪಿತ್ತು. 1950ರಲ್ಲಿ ಹವಾಮಾನ ವಿಜ್ಞಾನಿ ಚಾರ್ನಿ ಮತ್ತು ಸಂಗಡಿಗರು ಎನಿಯಾಕ್ ಗಣಕದಲ್ಲಿ ಅಂತಹ ಲೆಕ್ಕ ಸಾಧ್ಯವೆಂದು ತೋರಿಸಿದರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಸಿದ್ಧವಾದ ಫ್ಲೋಸಾಲ್ವರ್, ಅಂದರೆ ಒಂದು ಲೆಕ್ಕವನ್ನು ಹಲವು ಸಂಸ್ಕಾರಕಗಳಿಗೆ ಹಂಚುವ ಸಮಾಂತರ ಗಣಕ, ಮುಂದೆ ಮುಂಗಾರಿನ ಲೆಕ್ಕಕ್ಕೂ ಬಳಕೆಯಾಯಿತು.

ಈ ದಾರಿ ಬೆಳ್ತಂಗಡಿ, ಬಂಟ್ವಾಳಗಳ ಹೊಳೆದಂಡೆಗೂ ಬಂದು ತಲುಪಿದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ನೇತ್ರಾವತಿ ನದಿಯ ಅಧ್ಯಯನಕ್ಕೆ ಬಳಸಿರುವ ಸ್ವಾಟ್ ಎಂಬ ಮಾದರಿಯು ಜಲಾನಯನ ಪ್ರದೇಶವನ್ನು, ಅಂದರೆ ನದಿಗೆ ಮಳೆನೀರನ್ನು ಒದಗಿಸುವ ಇಡೀ ನೆಲವನ್ನು, ಮಣ್ಣು, ಇಳಿಜಾರು ಮತ್ತು ನೆಲದ ಬಳಕೆಗೆ ಅನುಸಾರವಾಗಿ ಚಿಕ್ಕ ಘಟಕಗಳನ್ನಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಬಿದ್ದ ಮಳೆಯಲ್ಲಿ ಎಷ್ಟು ಇಂಗಿತು, ಎಷ್ಟು ಆವಿಯಾಯಿತು, ಎಷ್ಟು ಹರಿಯಿತು ಎಂದು ದಿನದಿನಕ್ಕೂ ಲೆಕ್ಕವಿಡುತ್ತದೆ. ವರ್ಷವಿಡೀ ತೇವವಿರುವ ತಗ್ಗಿನ ಗದ್ದೆಯನ್ನು ಬೈಲು, ಅದಕ್ಕಿಂತ ಮೇಲಿನದನ್ನು ಮಜಲು, ಮಳೆಯನ್ನೇ ನಂಬಿದ ಎತ್ತರದ ಗದ್ದೆಯನ್ನು ಬೆಟ್ಟು ಎಂದು ತುಳುನಾಡಿನ ಬೇಸಾಯಗಾರರು ವಿಂಗಡಿಸಿದ್ದಾರೆ. ನೀರು ನಿಲ್ಲುವ ಬಗೆಯಿಂದ ನೆಲವನ್ನು ಗುರುತಿಸುವ ಈ ವಿವೇಕ ಮಾದರಿಯ ಘಟಕಗಳಿಗೆ ಹತ್ತಿರದ ನೆಂಟ. ಆದರೆ ಮಳೆಗಾಲ ಮುಗಿದೊಡನೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟುವ ‘ಕಟ್ಟ’ವನ್ನು ಯಾರಾದರೂ ತಿಳಿಸದೆ ಗಣಕ ತಾನಾಗಿ ಅರಿಯಲಾರದು.

ಮಾದರಿಯೊಂದು ನಂಬಿಕೆಗೆ ಅರ್ಹವಾಗಬೇಕಾದರೆ ಎರಡು ಹಂತಗಳನ್ನು ದಾಟಬೇಕು. ದಾಖಲಾದ ಹರಿವಿನ ಕೆಲವು ವರ್ಷಗಳ ಅಂಕಿಗಳಿಗೆ ಅದನ್ನು ಹೊಂದಿಸಿಕೊಳ್ಳುವುದು ಶ್ರುತಿಗೊಳಿಸುವಿಕೆ. ಹಾಗೆ ಬಳಸದೆ ಉಳಿಸಿಕೊಂಡ ವರ್ಷಗಳ ಅಂಕಿಗಳೊಡನೆ ಹೋಲಿಸಿ ನೋಡುವುದು ತಾಳೆಪರೀಕ್ಷೆ. ನೇತ್ರಾವತಿಯ ಮಟ್ಟಿಗೆ ಈ ಎರಡಕ್ಕೂ ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನಕೇಂದ್ರ ಬರೆದಿಟ್ಟ ಅಂಕಿಗಳೇ ಆಧಾರ. ಪಾಣೆಮಂಗಳೂರು, ಬಂಟ್ವಾಳಗಳ ಹಿರಿಯರ ಮಾತಿನಲ್ಲಿ ಉಳಿದಿರುವ 1923ರ ಬೊಳ್ಳ, ಅಂದರೆ ನೆರೆ, ಆ ಕೇಂದ್ರವಿಲ್ಲದ ಕಾಲದ್ದು. ಅಂತಹ ನೆರೆಯ ನೀರು ಯಾವ ಮೆಟ್ಟಿಲಿನವರೆಗೆ ಏರಿತ್ತೆಂಬ ಗುರುತುಗಳೂ ವಿಜ್ಞಾನದ ಸಾಮಗ್ರಿಯೇ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ದಿಡುಪೆ ಭಾಗಗಳಲ್ಲಿ ಗುಡ್ಡ ಜರಿದು ನೆರೆ ನುಗ್ಗಿದ್ದು ಇನ್ನೊಂದು ಪಾಠ. ಸಂಶೋಧನೆಯಲ್ಲಿ ವ್ಯಾಪಕವಾಗಿ ಬಳಸುವ ಮಳೆಯ ಅಂಕಿಗಳು ಸುಮಾರು 25 ಕಿಲೋಮೀಟರ್ ಬದಿಯ ಚೌಕಗಳಲ್ಲಿರುವುದರಿಂದ, ಘಾಟಿಯ ತಪ್ಪಲೂ ನೆತ್ತಿಯೂ ಒಂದೇ ಚೌಕದಲ್ಲಿ ಸೇರಿ, ಒಂದು ಕಣಿವೆಯ ಮೇಲೆ ಸುರಿದ ಕುಂಭದ್ರೋಣ ಮಳೆ ಸರಾಸರಿಯೊಳಗೆ ಮರೆಯಾಗಿಬಿಡಬಹುದು.

ಇಂತಹ ಲೆಕ್ಕಗಳು ಜನಜೀವನವನ್ನು ಎಷ್ಟು ಆಳವಾಗಿ ಮುಟ್ಟುತ್ತವೆ ಎಂಬುದಕ್ಕೆ ಎತ್ತಿನಹೊಳೆ ಯೋಜನೆ ಸಾಕ್ಷಿ. ನೇತ್ರಾವತಿಯ ಮೇಲ್ತೊರೆಗಳಿಂದ ಕೋಲಾರದಂತಹ ಪೂರ್ವದ ಜಿಲ್ಲೆಗಳಿಗೆ ಸುಮಾರು 24 ಟಿಎಂಸಿ ನೀರು ದೊರೆಯುವುದೆಂದು ಯೋಜನೆಯ ಅಂದಾಜು ಹೇಳಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅಲ್ಲಿ ದೊರೆಯುವ ನೀರು 9.55 ಟಿಎಂಸಿ ಮಾತ್ರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ ಹೇಳಿತು. ಒಂದೇ ಮಳೆ, ಒಂದೇ ಕಾಡು, ಎರಡು ಉತ್ತರ. ಕೋಲಾರದ ಬಾಯಾರಿಕೆಯೂ ನಿಜ, ಕರಾವಳಿಯ ಆತಂಕವೂ ನಿಜ ಆಗಿರುವಾಗ, ಇವೆರಡರ ನಡುವೆ ತೀರ್ಮಾನಿಸಬೇಕಾದ ನಾಗರಿಕನಿಗೆ ಉತ್ತರದ ಜೊತೆಗೆ ಅದರ ಹಿಂದಿನ ಊಹೆಗಳೂ ಅಂಕಿಗಳೂ ದೊರೆಯಬೇಕು. ಕಣ್ಣಾರೆ ಕಂಡದ್ದನ್ನು ನಂಬುತ್ತಿದ್ದ ಸಮಾಜ ಲೆಕ್ಕದಲ್ಲಿ ಕಂಡದ್ದನ್ನು ನಂಬತೊಡಗಿರುವುದೇ ಸಿಮ್ಯುಲೇಷನ್ ತಂದ ಸಾಂಸ್ಕೃತಿಕ ಪಲ್ಲಟವಾದ್ದರಿಂದ, ಲೆಕ್ಕದ ಒಳಗನ್ನು ತೆರೆದಿಡುವುದು ಆ ನಂಬಿಕೆಗೆ ಸಲ್ಲಬೇಕಾದ ಋಣ.

ತೆರೆದಿಟ್ಟ ಲೆಕ್ಕ ಬೆಳೆಯುತ್ತದೆ ಎಂಬುದಕ್ಕೆ ಮೂಡಬಿದಿರೆಯೇ ನಿದರ್ಶನ. ಅಲ್ಲಿಯ ಬಸದಿಯಲ್ಲಿ ತಲೆಮಾರುಗಳು ಕಾಪಾಡಿದ ಧವಲಾ ಎಂಬ ಗ್ರಂಥದ ತಾಳೆಗರಿಗಳಲ್ಲಿ ವೀರಸೇನಾಚಾರ್ಯರು ಅರ್ಧಚ್ಛೇದವೆಂಬ ಪರಿಕಲ್ಪನೆಯನ್ನು ಬಳಸಿದ್ದಾರೆ: ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಬಾರಿ ಅರ್ಧಿಸಬಹುದೋ ಅದು ಅರ್ಧಚ್ಛೇದ, 32ಕ್ಕೆ ಅದು 5. ಇಂದು ಇದನ್ನು ಎರಡರ ಆಧಾರದ ಲಾಗರಿದಮ್ ಎನ್ನುತ್ತಾರೆ. ಓಲೆಗಳನ್ನು ಕಾಪಾಡಿದವರಿಂದ ಈ ಜ್ಞಾನ ಉಳಿಯಿತು. ನಕಲು ಪ್ರತಿಯಾಗಿ ಹೊರಬಂದು ಇಪ್ಪತ್ತನೆಯ ಶತಮಾನದಲ್ಲಿ ಮುದ್ರಣಗೊಂಡ ಬಳಿಕ ಗಣಿತದ ಇತಿಹಾಸಕಾರರ ಪರಿಶೀಲನೆಗೆ ದೊರೆತು ಬೆಳೆಯಿತು.

ನದಿಯ ಲೆಕ್ಕಕ್ಕೂ ಕಾಪಾಡುವ, ತೆರೆದಿಡುವ ಈ ಎರಡು ಕೆಲಸಗಳು ಬೇಕು. ಶಾಲೆಗಳಲ್ಲಿ ಮಳೆಮಾಪಕಗಳಿರಲಿ, ನೆರೆಯ ಗುರುತುಗಳೂ ಕಟ್ಟಗಳೂ ಊರೂರಿನಲ್ಲಿ ದಾಖಲಾಗಲಿ; ಮಾದರಿಗಳ ಊಹೆಗಳು ಕನ್ನಡದಲ್ಲಿ ಪ್ರಕಟವಾಗಿ ಗ್ರಾಮಸಭೆಯ ಚರ್ಚೆಗೆ ಬರಲಿ. ಆಗ ಗಣಕದೊಳಗೆ ಹರಿಯುವ ನೇತ್ರಾವತಿಯನ್ನು ದಂಡೆಯ ಮೇಲೆ ಬಾಳುವವರು ತಮ್ಮ ಹೊಳೆಯೆಂದು ಗುರುತಿಸಿಯಾರು, ತಪ್ಪಿದ್ದರೆ ತಿದ್ದಿಯಾರು.