ನೆಲದಾಳಕ್ಕೆ ಕಿವಿಗೊಡುವ ತಂತಿ



ಹಿಂದೂಪುರ, ಕಲ್ಯಾಣದುರ್ಗದ ಕಡೆ ಯಾರಾದರೂ ಹೊಲದಲ್ಲಿ ತಂತಿ ಎಳೆದು ಪೆಟ್ಟಿಗೆ ಇಟ್ಟು ಕೂತರೆ ನಮ್ಮವರು ಕೇಳುವುದು ಎರಡೇ ಪ್ರಶ್ನೆ. ನೀರು ಸಿಕ್ಕಿತೆ? ವಜ್ರ ಸಿಕ್ಕಿತೆ? ಎರಡನೆಯದು ಬರೀ ತಮಾಷೆಯಲ್ಲ. ವಜ್ರಕರೂರಿನ ಹಾಗೆ ಕಲ್ಯಾಣದುರ್ಗದ ಬಳಿಯೂ ಕಿಂಬರ್ಲೈಟ್ ಶಿಲೆ, ಅಂದರೆ ವಜ್ರವನ್ನು ಮೇಲಕ್ಕೆ ಹೊತ್ತು ತರುವ ಜಾತಿಯ ಕಲ್ಲು, ಕಂಡುಬಂದಿದೆ. ಆದರೆ ಮ್ಯಾಗ್ನೆಟೊಟೆಲ್ಯೂರಿಕ್ ಎಂಬ ಸಮೀಕ್ಷೆಯ ನೋಟ ಅದಕ್ಕಿಂತ ಬೇರೆ. ಅದು ಭೂಮಿಯ ಹೊರಚಿಪ್ಪಿನ ರಚನೆಯನ್ನೇ ಹುಡುಕುತ್ತದೆ.

ಇದರಲ್ಲಿ ಸಿಡಿಮದ್ದು ಇಲ್ಲ, ಕೊರೆಯುವ ಕೆಲಸವೂ ಇಲ್ಲ. ಜಗತ್ತಿನಲ್ಲಿ ಎಲ್ಲೆಲ್ಲೋ ಹೊಡೆಯುವ ಸಿಡಿಲು, ಸೂರ್ಯನಿಂದ ಬರುವ ಕಣಗಳ ಪ್ರವಾಹ, ಇವು ಭೂಮಿಯ ಕಾಂತಕ್ಷೇತ್ರವನ್ನು ಸದಾ ಅಲುಗಿಸುತ್ತಿರುತ್ತವೆ. ಅದರಿಂದ ನೆಲದೊಳಗೆ ಅತಿ ಸಣ್ಣ ವಿದ್ಯುತ್ತು ಹರಿಯುತ್ತದೆ. ನಾಲ್ಕು ದಿಕ್ಕಿಗೆ ಹೂತ ಎಲೆಕ್ಟ್ರೋಡುಗಳು ಆ ವಿದ್ಯುತ್ತನ್ನು ಅಳೆಯುತ್ತವೆ, ತಂತಿಯ ಸುರುಳಿಗಳು ಕಾಂತದ ಏರಿಳಿತವನ್ನು. ಬೇಗ ಬೇಗ ಏರಿಳಿಯುವ ಅಲೆ ಮೇಲ್ಪದರದಲ್ಲೇ ಅಡಗಿಹೋಗುತ್ತದೆ. ನಿಧಾನದ ಅಲೆ ಹತ್ತಾರು ಕಿಲೋಮೀಟರ್ ಇಳಿಯುತ್ತದೆ. ಆ ನಿಧಾನದ್ದನ್ನು ಹಿಡಿಯಲು ಉಪಕರಣವನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡಬೇಕು. ಪಕ್ಕದಲ್ಲಿ ಪಂಪ್‌ಸೆಟ್ ಓಡಿದರೆ ಲೆಕ್ಕ ಕೆಡುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಹೊಲವನ್ನೇ ಅವರು ಕೇಳುವುದು ಅದಕ್ಕೆ.

ಒಣಗಿದ ಗ್ರಾನೈಟ್ ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗ್ರಾಫೈಟ್, ಗಂಧಕದ ಅದಿರು, ಉಪ್ಪುನೀರು ಬಿಡುತ್ತವೆ. ಈ ವ್ಯತ್ಯಾಸ ಹಿಡಿದು ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಧಾರವಾಡ ಶಿಲಾಖಂಡದ ಪೂರ್ವ, ಪಶ್ಚಿಮ ಭಾಗಗಳು ಕೂಡಿಕೊಂಡ ಬೆಸುಗೆ ಚಿತ್ರದುರ್ಗ–ಗದಗ ಪಟ್ಟಿಯ ಗುಂಟ ಇದೆ ಎಂದರು. ಅದಕ್ಕೆ 250 ಕೋಟಿ ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ಅಂದರೆ ಪಾವಗಡ, ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗ ಎಲ್ಲವೂ ಬೆಸುಗೆಯ ಪೂರ್ವಕ್ಕೇ, ಒಂದೇ ತುಂಡಿನ ಮೇಲಿವೆ. ನಮ್ಮ ಗಡಿಕಲ್ಲುಗಳ ಸಂಗತಿ ಆ ನೆಲಕ್ಕೆ ಗೊತ್ತಿಲ್ಲ.

ಹಾಗೆಂದು ಆ ನಕ್ಷೆ ನೋಡಿ ಬೋರು ಹಾಕಿಸಬೇಡಿ. ನಮಗೆ ನೀರು ಕೊಡುವುದು ಮೇಲಿನ ಸಡಿಲಗೊಂಡ ಕಲ್ಲಿನ ಪದರ, ಅದರ ಕೆಳಗಿನ ಬಿರುಕುಗಳು. ಅದನ್ನು ನೋಡುವ ವಿಧಾನ ಬೇರೆ. ತುಮಕೂರು ಜಿಲ್ಲೆಯ ಅಂಕಸಂದ್ರ ಪ್ರದೇಶದಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಕಳೆದ ದಶಕದಲ್ಲಿ ಹೆಲಿಕಾಪ್ಟರಿಗೆ ತಂತಿಯ ದೊಡ್ಡ ಬಳೆ ತೂಗಹಾಕಿ ಹಾರಿಸಿದವು. ಬಳೆಯಲ್ಲಿ ವಿದ್ಯುತ್ತು ಹರಿಸಿ, ತಟ್ಟನೆ ನಿಲ್ಲಿಸಿ, ನೆಲ ಕೊಡುವ ಮಾರ್ದನಿಯನ್ನು ಅಳೆಯುವುದು ಅದರ ಕ್ರಮ. ಸಡಿಲ ಪದರ ಎಲ್ಲಿ ದಪ್ಪ ಎಂಬುದು ಅದರಲ್ಲಿ ತಿಳಿಯುತ್ತದೆ. ಗಟ್ಟಿ ಬಂಡೆಯೊಳಗಿನ ಕೂದಲೆಳೆ ಬಿರುಕು ಕಂಡೀತೆಂಬ ಖಾತ್ರಿಯಿಲ್ಲ. ಆದ್ದರಿಂದ ಸಾವಿರ ಅಡಿಗೆಂದು ಒಡವೆ ಅಡವಿಡುವ ಮುಂಚೆ, ಪಾಯಿಂಟು ತೋರಿಸುವವರನ್ನು ನಿಮ್ಮ ಯಂತ್ರ ಎಷ್ಟು ಅಡಿಯವರೆಗೆ ನೋಡುತ್ತದೆ ಎಂದು ಕೇಳಿ.