ಸಾವಿಗೆ ‘ಶರಣು’ ಅನ್ನೋದು ಬೇಡ

ಇವತ್ತು ಸರ್ಕಾರವನ್ನಾಗಲಿ, ಅಧಿಕಾರಿಗಳನ್ನಾಗಲಿ ನಾನು ಪ್ರಶ್ನೆ ಮಾಡೋದಿಲ್ಲ. ದಿನಾ ನಾನೇ ಓದುವ ಒಂದು ಸಾಲಿನ ಬಗ್ಗೆ ಮಾತಾಡ್ತೀನಿ. ‘ವಿದ್ಯಾರ್ಥಿ ಆತ್ಮಹತ್ಯೆಗೆ ಶರಣು.’ ‘ರೈತ ಆತ್ಮಹತ್ಯೆಗೆ ಶರಣು.’ ಈ ಸಾಲನ್ನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ನೀವೂ ಊಟ ಮಾಡ್ತಾ ಕೇಳಿಸಿಕೊಂಡಿದ್ದೀರಿ.

ಶರಣು ಅಂದ್ರೆ ಏನು? ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಜೊತೆ ನಿಂತವರನ್ನು ಶರಣರು ಅಂತ ಕರೀತೀವಿ. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ‘ಶರಣು ಶರಣಾರ್ಥಿ’ ಅಂತ ಕೈ ಮುಗೀತಾರೆ. ಅದು ದೇವರ ಮುಂದೆ, ಗುರುವಿನ ಮುಂದೆ ಆಶ್ರಯ ಕೇಳುವ ಮಾತು. ಅಂಥ ಮಾತನ್ನು ತಂದು ನಾವು ಸಾವಿನ ಪಕ್ಕ ಕೂರಿಸಿದ್ದೀವಿ. ಸಾವೇ ಆಶ್ರಯ ಕೊಡುತ್ತೇನೋ ಅನ್ನೋ ಹಾಗೆ.

ಟಿವಿಯಲ್ಲಿ ಹೀಗೆ. ಸಾವಿನ ಮನೆಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ‘ಮಹಾಪಾಪ.’ ‘ಪೂರ್ವಜನ್ಮದ ಕರ್ಮ.’ ‘ಗತಿ ಸಿಗಲ್ಲ, ಆತ್ಮ ಅಲೀತಾ ಇರುತ್ತೆ.’

ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಪಕ್ಕದ ರೂಮಿನಲ್ಲಿ ಒಬ್ಬ ಗೆಳೆಯ ಇದ್ದ. ಒಂದು ರಾತ್ರಿ ಮೆಸ್ಸಿನಿಂದ ವಾಪಸ್ ಬರ್ತಾ ಇದ್ದಾಗ ಹೇಳಿದ: ‘ಬದುಕೋದೇ ಬೇಡ ಅನ್ಸುತ್ತೆ ಕಣೋ.’ ನಾನು ತಕ್ಷಣ, ‘ಥೂ, ಬಿಡ್ತು ಅನ್ನು. ಹಾಗೆಲ್ಲ ಅಂದ್ರೆ ಪಾಪ ಬರುತ್ತೆ’ ಅಂದೆ. ಅವನು ನಕ್ಕು ಸುಮ್ಮನಾದ. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಆ ಸೆಮಿಸ್ಟರ್ ಮುಗಿಯೋ ಮುಂಚೆ ಅವನನ್ನು ಕಳೆದುಕೊಂಡೆವು.

ಅವನ ಊರಿಗೆ ಹೋದಾಗ ಹಿರಿಯರೊಬ್ಬರು ಜಗುಲಿ ಮೇಲೆ ಕೂತು ಪಾಪದ ಲೆಕ್ಕ ಹೇಳ್ತಾ ಇದ್ರು. ಒಳಗಿದ್ದ ಅವನ ತಾಯಿ ನನ್ನ ಕೈ ಹಿಡಿದು ಕೇಳಿದ್ರು: ‘ಓದಿದವನು, ನೀನಾದ್ರೂ ಹೇಳಪ್ಪ, ನನ್ನ ಮಗನಿಗೆ ಗತಿ ಇಲ್ವಾ?’ ನನ್ನ ಹತ್ರ ಉತ್ತರ ಇರಲಿಲ್ಲ.

ನನ್ನ ಒಂದು ಮಾತಿನಿಂದ ಅವನು ಹೋದ ಅಂತ ನಾನು ಹೇಳ್ತಿಲ್ಲ. ಆತ್ಮಹತ್ಯೆಗೆ ಒಂದೇ ಕಾರಣ ಅಂತ ಇರೋದಿಲ್ಲ. ಆದರೆ ಹೇಳಿಕೊಳ್ಳೋಕೆ ಬಂದವನ ಬಾಯಿಗೆ ನಾನು ಪಾಪದ ಹೆಸರಲ್ಲಿ ಬೀಗ ಹಾಕಿದೆ. ಅಷ್ಟು ನಿಜ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತಿದ್ದಾರೆ. ಕರ್ನಾಟಕದಲ್ಲೇ 13,606. ಇಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು ಇದೇ ಪ್ರಶ್ನೆ ಕೇಳಿರಬಹುದು?

ಕಾನೂನು ತನ್ನ ಭಾಷೆ ಬದಲಿಸಿಕೊಂಡಿದೆ. ಹಳೆಯ ಐಪಿಸಿ 309ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿ ಬದುಕಿದವರಿಗೆ ಒಂದು ವರ್ಷದವರೆಗೂ ಜೈಲಾಗಬಹುದಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಆರೈಕೆ ಕೊಡೋದು ಸರ್ಕಾರದ ಕರ್ತವ್ಯ ಅಂತ ಹೇಳಿತು. 2024ರ ಜುಲೈ 1ಕ್ಕೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಸೆಕ್ಷನ್ ಇಲ್ಲ. ಧರ್ಮವೂ ಬದಲಾಗಿದೆ. ಆತ್ಮಹತ್ಯೆಯಿಂದ ಸತ್ತವರಿಗೆ ಅಂತ್ಯಸಂಸ್ಕಾರ ನಿರಾಕರಿಸುತ್ತಿದ್ದ ಕ್ಯಾಥೋಲಿಕ್ ಚರ್ಚ್, 1983ರ ತನ್ನ ನಿಯಮಾವಳಿಯಲ್ಲಿ ಆ ನಿಷೇಧವನ್ನು ಕೈಬಿಟ್ಟಿತು. ಜಗುಲಿ ಮೇಲಿನ ನಮ್ಮ ಮಾತು, ಸ್ಟುಡಿಯೋದ ನಮ್ಮ ಸಾಲು ಮಾತ್ರ ಇನ್ನೂ ಅಲ್ಲೇ ಇವೆ.

ಹಾಗಂತ ದೇವರ ಮಾತೇ ಬೇಡ ಅಂತಲ್ಲ. ಕಷ್ಟದಲ್ಲಿರೋ ಎಷ್ಟೋ ಜನರನ್ನು ನಂಬಿಕೆಯೇ ಹಿಡಿದು ನಿಲ್ಲಿಸಿದೆ. ‘ದೇವರು ಕೈ ಬಿಡಲ್ಲ, ನಾನೂ ಬಿಡಲ್ಲ, ಬಾ ಊಟ ಮಾಡು’ ಅನ್ನೋದೂ ದೇವರ ಮಾತೇ. ‘ಪಾಪ ಬರುತ್ತೆ, ಸುಮ್ನಿರು’ ಅನ್ನೋದೂ ದೇವರ ಮಾತೇ. ಮೊದಲನೇದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೆ. ಎರಡನೇದು ಬಾಗಿಲು ಹಾಕುತ್ತೆ.

ಯಾರಾದರೂ ‘ಬದುಕು ಸಾಕಾಗಿದೆ’ ಅಂದ್ರೆ ಉಪದೇಶ ಬೇಡ. ‘ಸಾಯಬೇಕು ಅನ್ಸ್ತಾ ಇದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋದು ತಪ್ಪು ಕಲ್ಪನೆ. ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಒಂಟಿಯಾಗಿ ಬಿಡಬೇಡಿ. 14416, ಇದು ಟೆಲಿ ಮಾನಸ್ ನಂಬರು. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಈ ಸೇವೆಯಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಪ್ರಮುಖ ಕೇಂದ್ರ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಈಗ ಕೇಳ್ತಿರೋ ನಿಮಗೇ ಹಾಗನ್ನಿಸ್ತಿದ್ರೆ, ದಯವಿಟ್ಟು ಇವತ್ತೇ ಫೋನ್ ಮಾಡಿ. ಮನೆಯಲ್ಲಿ ಒಬ್ಬರಿಗಾದ್ರೂ ಹೇಳಿ.

ಇನ್ನು ಮೇಲೆ ಈ ಡೆಸ್ಕಿನಿಂದ ನಾನು ‘ಆತ್ಮಹತ್ಯೆಗೆ ಶರಣು’ ಅಂತ ಓದೋದಿಲ್ಲ. ಸ್ಕ್ರಿಪ್ಟಿನಲ್ಲಿ ಬಂದ್ರೂ ತಿದ್ದಿ ಓದ್ತೀನಿ. ಸಾವಿಗೆ ಯಾರೂ ಶರಣಾಗೋದಿಲ್ಲ. ನೋವು ತಡೆಯೋಕಾಗದೆ ಹೋಗ್ತಾರೆ.

ಅಮ್ಮ, ನೀವು ಕೇಳಿದ್ದಕ್ಕೆ ಇವತ್ತು ಉತ್ತರ ಕೊಡ್ತೀನಿ. ಗತಿ ವಿಚಾರ ಹೇಳೋಕೆ ನಾನು ಯಾರೂ ಅಲ್ಲ. ಆದರೆ ನಿಮ್ಮ ಮಗ ಪಾಪಿ ಅಲ್ಲಮ್ಮ. ಅವನಿಗೆ ನೋವಿತ್ತು. ಅದನ್ನ ಹೇಳೋಕೆ ಬಂದಿದ್ದ. ನಾನು ಕೇಳಿಸಿಕೊಳ್ಳಲಿಲ್ಲ.

ನೀವು ಕೇಳಿಸಿಕೊಳ್ಳಿ ವೀಕ್ಷಕರೇ.